ಕೆಮ್ಮಣ್ಣು ಕಟ್ಟಿದ ಅವರೆ

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳ ಅಂಗಳದಲ್ಲಿ ಒಂದು ಕೆಲಸ ಶುರುವಾಗುತ್ತಿತ್ತು. ಕೆಲವು ಮನೆಗಳಲ್ಲಿ ಈಗಲೂ ಅದು ತಪ್ಪಿಲ್ಲ. ಜರಡಿ ಹಿಡಿದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಒಣಗಿದ ಅವರೆಕಾಳನ್ನು ಅದರಲ್ಲಿ ಹೊರಳಾಡಿಸಿ, ಚಾಪೆಯ ಮೇಲೆ ಹರವಿ ಎರಡು ಮೂರು ದಿನ ಕಾಯಿಸುವುದು. ಒಣಗಿದ ಮೇಲೆ ಒಂದೊಂದು ಕಾಳೂ ಕೆಂಪು ಹರಳಿನ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ನೋಡಿದರೆ ಒಳ್ಳೆಯ ಕಾಳನ್ನು ಮಣ್ಣುಪಾಲು ಮಾಡಿದರಲ್ಲ ಎಂದುಕೊಳ್ಳಬೇಕು. ಆದರೆ ಹಾಗೆ ಮಣ್ಣು ಕಟ್ಟಿದ ಕಾಳೇ ಮುಂದಿನ ಮಾಗಿಯವರೆಗೆ ಹುಳು ಬೀಳದೆ ಉಳಿಯುವುದು.

ಅವರೆಯ ಕಥೆ ಹೇಳುವವರು ಸಾಮಾನ್ಯವಾಗಿ ಊಟದಿಂದ ಆರಂಭಿಸುತ್ತಾರೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’ ಹುಟ್ಟಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಬೇಗೂರಿನ ಒಂಬತ್ತನೆಯ ಶತಮಾನದ ಶಾಸನದಲ್ಲೇ ಬೆಂಗಳೂರಿನ ಹೆಸರು ಇರುವುದರಿಂದ, ಬಲ್ಲಾಳ ಹುಟ್ಟುವ ಮೊದಲೇ ಊರಿಗೆ ಆ ಹೆಸರಿತ್ತು ಎನ್ನುವುದೂ ಈಗ ತಿಳಿದ ಸಂಗತಿ. ಕಥೆ ಸುಳ್ಳಾದರೂ ಕಾಳಿನ ಗೌರವ ಕಡಿಮೆಯಾಗಿಲ್ಲ. ಆದರೆ ಒಂದು ಕಾಳು ಒಂದು ಸೀಮೆಯಲ್ಲಿ ನೆಲೆಯೂರುವುದು ರುಚಿಯೊಂದರಿಂದಲೇ ಅಲ್ಲ. ವರ್ಷಕ್ಕೆ ಮೂರು ತಿಂಗಳು ಮಾತ್ರ ಹಸಿಯಾಗಿ ಸಿಗುವ ಅವರೆಯನ್ನು ಉಳಿದ ಒಂಬತ್ತು ತಿಂಗಳು ಕಾಪಾಡುವ ದಾರಿ ಕಂಡುಕೊಂಡದ್ದರಿಂದ ಅದು ಇಲ್ಲಿನ ಮುದ್ದೆಯ ಜೊತೆಗಾರನಾಯಿತು.

ಅವರೆ ಇಲ್ಲಿಯದೇ ಎಂದು ನಂಬಿದವರಿಗೆ ಸಸ್ಯಶಾಸ್ತ್ರ ಸ್ವಲ್ಪ ಆಶ್ಚರ್ಯವನ್ನು ಕಾದಿಟ್ಟಿದೆ. ಅದರ ಕಾಡುಜಾತಿ ಬೆಳೆಯುವುದು ಆಫ್ರಿಕದಲ್ಲಿ. ರಾಗಿಯ ತವರೂ ಪೂರ್ವ ಆಫ್ರಿಕದ ಎತ್ತರದ ನೆಲವೇ. ಅಲಸಂದೆಯೂ ಆ ಖಂಡದ್ದು. ಹುರುಳಿ, ಹೆಸರು, ತೊಗರಿ ಮಾತ್ರ ಈ ದೇಶದ ಮಣ್ಣಿನಲ್ಲೇ ಪಳಗಿದವು. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಆ ಜನರ ಮುಖ್ಯ ಆಹಾರ ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು ಆಗಿತ್ತೆಂದು ಹೇಳುತ್ತಾರೆ. ಅವರೆ ಕಾಣಿಸಿಕೊಳ್ಳುವುದು ಆಮೇಲೆ, ಈಗ್ಗೆ ಸುಮಾರು 3500 ವರ್ಷಗಳ ಹಿಂದೆ. ಅಂದರೆ ಮೈಸೂರು ಸೀಮೆಯ ಒಂದು ರಾಗಿ ಹೊಲದಲ್ಲಿ ಸಮುದ್ರದಾಚೆಯಿಂದ ಬಂದ ನೆಂಟರೂ ಇಲ್ಲಿನ ಮೂಲದವರೂ ಒಂದೇ ಉಳುಮೆಯಲ್ಲಿ ಬದುಕುತ್ತ ಬಂದಿದ್ದಾರೆ.

ಆ ಹೊಲದ ಕ್ರಮಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಹಲವು ಸಾಲು ರಾಗಿಗೆ ಒಂದು ಸಾಲು ಅವರೆ. ಅದರ ಜೊತೆಗೆ ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳು, ನಾಲ್ಕು ಕಡ್ಡಿ ಜೋಳ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ರಾಜ್ಯವನ್ನು ಸುತ್ತಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ಬಹಳ ಗಮನವಿಟ್ಟು ನೋಡಿದ. ಎತ್ತು ಎಳೆಯುವ ಕೂರಿಗೆಯಿಂದ ರಾಗಿ ಬೀಳುತ್ತಿದ್ದರೆ, ಅದರ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವ ಚೂಪುಮೊನೆಯ ಬಿದಿರು ಕೊಳವೆಯಲ್ಲಿ ಅವರೆಕಾಳನ್ನು ಬಿಡುವುದನ್ನು ಅವನು ಬರೆದಿಟ್ಟಿದ್ದಾನೆ. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದೇ ಪ್ರವಾಸದಲ್ಲಿ ಅವನು ಪಿರಿಯಾಪಟ್ಟಣಕ್ಕೂ ಬಂದ. 1791ರಲ್ಲಿ ಬೊಂಬಾಯಿಯ ಇಂಗ್ಲಿಷ್ ದಂಡು ಕೊಡಗಿನ ಕಡೆಯಿಂದ ಇಳಿದು ಬಂದಾಗ ಹಾಳಾದ ಪಟ್ಟಣ ಇನ್ನೂ ಚೇತರಿಸಿಕೊಂಡಿರಲಿಲ್ಲ. ಕೋಟೆಯೊಳಗೆ ಹುಲಿಗಳು ಬೀಡುಬಿಟ್ಟಿದ್ದವು. ದಂಡು ಹಾಯ್ದು ಹೋದ ಇಂಥ ಸೀಮೆಯಲ್ಲಿ ಮನೆಯೊಳಗೆ ಎಷ್ಟು ಕಾಳು ಅಡಗಿದೆ ಎಂಬುದರ ಮೇಲೆ ಸಂಸಾರ ಉಳಿಯುತ್ತಿತ್ತೋ ಅಳಿಯುತ್ತಿತ್ತೋ ನಿರ್ಧಾರವಾಗುತ್ತಿತ್ತು ಎನ್ನುವುದನ್ನು ಊಹಿಸಲು ಕಷ್ಟವಿಲ್ಲ.

ಅಕ್ಕಡಿಯ ಜಾಣತನವಿರುವುದು ಕಾಲದ ಹಂಚಿಕೆಯಲ್ಲಿ. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದೇ ಇಲ್ಲ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಅದು ಕಾಯುವುದು ದೀಪಾವಳಿಯ ಆಚೀಚಿನ ಕಿರುಹಗಲಿಗಾಗಿ. ಅಷ್ಟರಲ್ಲಿ ರಾಗಿ ತೆನೆ ಬಲಿತು ಕೊಯ್ಲಿಗೆ ಬಂದಿರುತ್ತದೆ. ರಾಗಿ ಕೊಯ್ದ ಮೇಲೆ ಬಯಲಾದ ಹೊಲದಲ್ಲಿ ಅವರೆ ಸಾಲು ಕೈಕಾಲು ಚಾಚಿ ಹಬ್ಬಿ, ಮಳೆ ನಿಂತ ನೆಲದಲ್ಲಿ ಉಳಿದ ತೇವವನ್ನೂ ರಾತ್ರಿಯ ಮಂಜನ್ನೂ ಕುಡಿದು ಕಾಯಿ ಕಟ್ಟುತ್ತದೆ. ಒಂದೇ ನೆಲ, ಒಂದೇ ಉಳುಮೆ, ಎರಡು ಸುಗ್ಗಿ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಬಿಡುವುದು ಮೇಲಿನ ಲಾಭ.

ಈ ಕಾಲದ ಕಾಯಿಗೇ ಸೊಗಡು. ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡೇ ಸೊಗಡಿನ ಮೂಲ. ಸುಲಿದ ಕೈಯನ್ನು ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ರೈತರ ಮಾತು. ಸಂತೆಯಲ್ಲಿ ಅವರೆ ಕೊಳ್ಳುವ ಅನುಭವಸ್ಥರು ಬಣ್ಣ ನೋಡುವುದಿಲ್ಲ, ಒಂದು ಕಾಯಿಯನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿಯುತ್ತಾರೆ. ಮನೆಯ ಹಿತ್ತಲಿನಲ್ಲಿ ಚಪ್ಪರಕ್ಕೆ ಹಬ್ಬಿಸುವ ಚಪ್ಪರದವರೆಗೆ ಈ ಗುಣವಿಲ್ಲ. ಅದನ್ನು ಎಳೆಯದಾಗಿಯೇ ಸಿಪ್ಪೆಸಹಿತ ಹೆಚ್ಚಿ ಪಲ್ಯ ಮಾಡುವುದು. ಹೊಲದ ಅವರೆ ಕಾಳಿಗಾಗಿ.

ಕೊಯ್ಲು ಒಮ್ಮೆಗೇ ಮುಗಿಯುವಂಥದಲ್ಲ. ಕಾರ್ತಿಕ ಕಳೆದ ಮೇಲೆ ಮೊದಲ ಹಿಡಿ ಹಸಿಕಾಯಿ ಮನೆಯ ಸಾರಿಗೆ ಬರುತ್ತದೆ. ಆಮೇಲಿನದು ಸಂತೆಗೆ, ನೆಂಟರಿಗೆ. ಸಂಕ್ರಾಂತಿಯ ದಿನ ಗೆಣಸು, ಕಡಲೆಕಾಯಿಯ ಜೊತೆ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ ಇಲ್ಲದ ಮನೆ ಈ ಭಾಗದಲ್ಲಿ ಅಪರೂಪ. ಸಂಕ್ರಾಂತಿಯ ನಂತರ ಗಿಡದಲ್ಲಿ ಉಳಿದದ್ದನ್ನು ಕೀಳದೆ ಒಣಗಲು ಬಿಡುತ್ತಾರೆ. ಒಣಗಿದ ಗಿಡವನ್ನು ಬೆಳಗಿನ ಜಾವ ಮಂಜಿನ ತೇವವಿರುವಾಗಲೇ ಕೀಳಬೇಕು. ಬಿಸಿಲೇರಿದರೆ ಸಿಪ್ಪೆ ಸಿಡಿದು ಕಾಳು ಹೊಲದಲ್ಲೇ ಚೆಲ್ಲಿಹೋಗುತ್ತದೆ. ಕಾಡಂಚಿನ ಎಚ್.ಡಿ. ಕೋಟೆ, ಹುಣಸೂರಿನ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಕಷ್ಟ ಸೇರುತ್ತದೆ. ನಾಗರಹೊಳೆಯ ಕಡೆಯಿಂದ ಆನೆ, ಹಂದಿ ಬರುತ್ತವೆ. ಬೆಳೆ ಮನೆ ಸೇರುವವರೆಗೆ ಅಟ್ಟಣೆಯ ಮೇಲೆ ರಾತ್ರಿ ಕಾಯಬೇಕು. ಸಗಣಿ ಸಾರಿಸಿದ ಕಣದಲ್ಲಿ ಗಿಡವನ್ನು ಒಣಗಿಸಿ, ದೊಣ್ಣೆಯಿಂದ ಬಡಿದು, ಗಾಳಿಗೆ ತೂರಿ, ಮೊರದಲ್ಲಿ ಕೇರಿದರೆ ಕಾಳು ಸಿದ್ಧ. ಹೊಟ್ಟು ದನಕ್ಕೆ.

ಇಲ್ಲಿಂದ ಮುಂದಿನದು ಹೆಂಗಸರ ಕಾರುಬಾರು. ರಾಗಿಯನ್ನು ಉಳಿಸುವುದು ಅಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಇದನ್ನು ಬಡವರ ಧಾನ್ಯದ ಗೆಲುವು ಎಂದು ವಿಮರ್ಶಕರು ಓದುತ್ತಾರೆ, ಸರಿಯೇ. ಆದರೆ ಆ ಪರೀಕ್ಷೆ ಕಣಜದ ಪರೀಕ್ಷೆಯೂ ಹೌದು. ಅಲ್ಲಿ ಅವರೆಯನ್ನು ಹಾಗೇ ಬರಿಮೈಯಲ್ಲಿ ಸೆರೆಯಲ್ಲಿಟ್ಟಿದ್ದರೆ ಆರು ತಿಂಗಳಲ್ಲಿ ಉಳಿಯುತ್ತಿದ್ದದ್ದು ತೂತುಬಿದ್ದ ಸಿಪ್ಪೆ ಮತ್ತು ಹಿಡಿ ಕುಟ್ಟೆ.

ಏಕೆಂದರೆ ಕಾಳಿನ ಹುಳು ಹೊಲದಿಂದಲೇ ಜೊತೆಗೆ ಬರುತ್ತದೆ. ಒಣಗುತ್ತಿರುವ ಕಾಯಿಯ ಮೇಲೆಯೇ ಅದು ಮೊಟ್ಟೆ ಇಟ್ಟಿರುತ್ತದೆ. ಮಡಕೆಯೊಳಗೆ ಅದು ಬೆಳೆದು ಹೊರಬಿದ್ದ ಮೇಲೆ ನುಣುಪಾದ ಕಾಳಿನ ಮೈಗೆ ಹೊಸ ಮೊಟ್ಟೆಗಳನ್ನು ಅಂಟಿಸುತ್ತದೆ. ಒಂದು ಹೆಣ್ಣುಹುಳು ಇಡುವ ಮೊಟ್ಟೆ ಹತ್ತಿರ ಹತ್ತಿರ 80ರಿಂದ 100. ಮೊಟ್ಟೆ ರೆಕ್ಕೆಯ ಹುಳುವಾಗಲು ಬೆಚ್ಚನೆಯ ಕಾಲದಲ್ಲಿ ಸುಮಾರು ಒಂದು ತಿಂಗಳು ಸಾಕು. ಮಾರ್ಚಿಯಲ್ಲಿ ನಾಲ್ಕಾರು ಹುಳುವಿದ್ದ ಗುಡಾಣ ಮಳೆಗಾಲಕ್ಕೆ ಏನಾಗಬಹುದೆಂದು ಲೆಕ್ಕ ಹಾಕಿ ನೋಡಬಹುದು. ಬಿತ್ತನೆಯ ಕಾಳೂ ಅದೇ ಗುಡಾಣದಲ್ಲಿದ್ದರೆ ಮನೆಯ ಊಟದ ಜೊತೆಗೆ ಬರುವ ವರ್ಷದ ಬೆಳೆಯೂ ಹೋದಂತೆ.

ಕೆಮ್ಮಣ್ಣು ಇಲ್ಲಿ ಮೂರು ಕೆಲಸ ಮಾಡುತ್ತದೆ. ಮೆತ್ತಿ ಒಣಗಿಸುವ ಬಿಸಿಲಿನ ಕಾವಿಗೆ ಮೊಟ್ಟೆಗಳು ಸಾಯುತ್ತವೆ. ಕಾಳಿನ ನುಣುಪು ಮುಚ್ಚಿಹೋಗುವುದರಿಂದ ಹೊಸ ಮೊಟ್ಟೆ ಅಂಟಿಸಲು ಜಾಗ ಸಿಗುವುದಿಲ್ಲ. ಮೂರನೆಯದು ಕಣ್ಣಿಗೆ ಕಾಣದ್ದು. ಹುಳುವಿನ ಮೈಮೇಲೆ ತೆಳುವಾದ ಮೇಣದ ಪದರವಿದೆ, ಮೈಯ ನೀರು ಆರಿಹೋಗದಂತೆ ತಡೆಯುವುದು ಅದೇ. ನಯವಾದ ಮಣ್ಣಿನ ಧೂಳು ಆ ಮೇಣವನ್ನು ಹೀರಿಕೊಂಡರೆ ಹುಳು ಒಣಗಿ ಸಾಯುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ದಶಕದ ಕೊನೆಯ ಹೊತ್ತಿಗೆ, ಹದಗೊಳಿಸಿದ ಜೇಡಿಮಣ್ಣಿನ ಪುಡಿ ಧಾನ್ಯದ ಹುಳುಗಳನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದರು. ಸಂಸ್ಥೆಯಿಂದ ನಲವತ್ತೈವತ್ತು ಕಿಲೋಮೀಟರ್ ದೂರದ ಹಳ್ಳಿಗಳಲ್ಲಿ ಅದಕ್ಕೆ ತೀರ ಹತ್ತಿರದ ಉಪಾಯ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿತ್ತು.

ಎಲ್ಲ ನಂಬಿಕೆಯೂ ಹೀಗೆ ಪರೀಕ್ಷೆಗೆ ಸಿಕ್ಕುವುದಿಲ್ಲ. ಅಮಾವಾಸ್ಯೆಯ ದಿನ ಒಣಗಿಸಿ ತುಂಬಿದ ಕಾಳಿಗೆ ಹುಳು ಬೀಳದು ಎನ್ನುವ ಮಾತಿದೆ. ಅಮಾವಾಸ್ಯೆಯ ಮಹಿಮೆ ಏನೇ ಇರಲಿ, ತಿಂಗಳಿಗೊಮ್ಮೆ ತಪ್ಪದೆ ಕಾಳನ್ನು ಹೊರತೆಗೆದು ಬಿಸಿಲಿಗೆ ಹಾಕುವ ನೆನಪನ್ನು ಅದು ಉಳಿಸಿಕೊಟ್ಟಿತು ಎನ್ನಬೇಕು. ಹುಳುವಿನ ಸಂತಾನಕ್ಕೂ ಸುಮಾರು ತಿಂಗಳೇ ಬೇಕಲ್ಲವೇ? ಕೆಮ್ಮಣ್ಣು ಸಿಗದ ಕಡೆ ಒಲೆಯ ಬೂದಿ ಬಳಸುತ್ತಿದ್ದರು. ಬೇವಿನ ಸೊಪ್ಪನ್ನು ನಡುನಡುವೆ ಹಾಕಿ, ಮಡಕೆಯ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಬೀಜದ ಕಾಳಿನ ಜಾಗ ಬೇರೆ. ಗೊಂಚಲು ತುಂಬಿದ, ರೋಗ ತಾಗದ ಗಿಡವನ್ನು ಹೊಲದಲ್ಲಿ ನಿಂತಿರುವಾಗಲೇ ಗುರುತಿಟ್ಟು, ಅದರ ಕಾಳನ್ನು ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ ಒಲೆಯ ಮೇಲೆ ಹೊಗೆಯಾಡುವ ಕಡೆ ತೂಗುಹಾಕುತ್ತಿದ್ದರು. ಆ ಬುರುಡೆಗೆ ಕೈ ಹಾಕುವ ಅಧಿಕಾರ ಮನೆಯ ಹಿರಿಯ ಹೆಂಗಸಿನದು. ಬರ ಬಂದು ಕಣಜ ಬರಿದಾದರೂ ಬುರುಡೆಯನ್ನು ಇಳಿಸುತ್ತಿರಲಿಲ್ಲ.

ಅಡಿಗೆಯ ಮಾತಿಗೆ ಬಂದರೆ ಈ ಸೀಮೆಗೆ ಒಂದು ಹೆಮ್ಮೆಯಿದೆ. ಕನ್ನಡದ ‘ಸೂಪಶಾಸ್ತ್ರ’ವನ್ನು ಬರೆದ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದ ಕವಿ, ಚಂಗಾಳ್ವರ ಆಶ್ರಯದ ಕಲ್ಲಹಳ್ಳಿಯ ಪ್ರಭು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಎಂದರೆ ಇಂದಿನವರಿಗೆ ನೆನಪಾಗುವುದು ದೇವರಾಜ ಅರಸು. ಬದನೆ, ಹಲಸು, ಬಾಳೆ, ಬಿದಿರ ಕಳಲೆಗಳಲ್ಲಿ ಮಾಡಬಹುದಾದ ಬಗೆಬಗೆಯ ಪಾಕವನ್ನು ಷಟ್ಪದಿಯಲ್ಲಿ ಕಟ್ಟಿದ ಈ ಜೈನಕವಿಯ ಅಡಿಗೆಮನೆ ಅರಸುಮನೆತನದ್ದು. ಒಕ್ಕಲು ಮನೆಯ ಅಡಿಗೆಗೆ ಷಟ್ಪದಿ ಬೇಕಾಗಿರಲಿಲ್ಲ. ಹಸಿಯ ಕಾಲ, ಒಣಗಿದ ಕಾಲ ಎಂಬ ಎರಡೇ ಅಧ್ಯಾಯ ಅದಕ್ಕೆ.

ಹಸಿಯ ಕಾಲದ್ದು ಧಾರಾಳ. ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿ, ಬದನೆಕಾಯಿ ಹಾಕಿದ ಹುಳಿ, ನಾಟಿಕೋಳಿಯ ಸಾರಿನಲ್ಲಿ ಒಂದು ಹಿಡಿ ಕಾಳು. ನೀರಿನಲ್ಲಿ ನೆನೆಸಿ ಒಂದೊಂದನ್ನೇ ಬೆರಳಿನಿಂದ ಹಿಸುಕಿ ಸಿಪ್ಪೆ ತೆಗೆದರೆ ಹಿತಕಿದ ಬೇಳೆ. ಮೈಸೂರಿನ ಕಡೆ ಅದನ್ನೇ ಚಿಲುಕವರೆ ಎನ್ನುತ್ತಾರೆ. ಒಂದು ಸೇರು ಕಾಳನ್ನು ಹಿತಕಲು ಮನೆಮಂದಿಯೆಲ್ಲ ಕೂರಬೇಕು. ನೆಂಟರು ಬಂದ ದಿನದ ಅಡಿಗೆ ಅದು. ನಿತ್ಯದ ಊಟಕ್ಕೆ ಬಸ್ಸಾರು, ಉಪ್ಪೆಸರು. ಹಸಿಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟಿಗೆ ಖಾರ ಸೇರಿಸಿದರೆ ಮುದ್ದೆಗೆ ಸಾರಾಯಿತು, ಬಸಿದು ಉಳಿದ ಕಾಳುಸೊಪ್ಪು ಪಲ್ಯವಾಯಿತು.

ಒಣಗಿದ ಕಾಲದ ಅಡಿಗೆಗೆ ತಾಳ್ಮೆ ಬೇಕು. ಕೆಮ್ಮಣ್ಣಿನ ಕಾಳನ್ನು ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯೆಲ್ಲ ನೆನೆಸಿ, ಆ ನೀರನ್ನು ಚೆಲ್ಲಿ ಬೇರೆ ನೀರಿನಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಇಲ್ಲವೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ನೆನೆಸಿದ ನೀರನ್ನು ಚೆಲ್ಲುವುದಕ್ಕೂ ಕಾರಣವಿದೆ. ಒಣ ಅವರೆಯಲ್ಲಿ ಕಹಿಯ ಅಂಶ, ಜೀರ್ಣಕ್ಕೆ ಅಡ್ಡಿಯಾಗುವ ಪದಾರ್ಥ, ಸ್ವಲ್ಪಮಟ್ಟಿಗೆ ಸಯನೈಡ್ ಬಿಡುವ ಅಂಶವೂ ಇವೆ. ನೆನೆಸುವುದು, ಸಿಪ್ಪೆ ತೆಗೆಯುವುದು, ಚೆನ್ನಾಗಿ ಬೇಯಿಸುವುದು ಇವುಗಳಿಂದ ಅವು ತಗ್ಗುತ್ತವೆ. ಉಳಿಯುವುದು ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದ್ದರೆ ಒಣ ಅವರೆಯಲ್ಲಿ ಸುಮಾರು 25 ಗ್ರಾಂ ಇದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಅವರೆಯಲ್ಲಿದೆ, ಅವರೆಯಲ್ಲಿ ಕಡಿಮೆಯಿರುವ ಮೀಥಿಯೋನಿನ್ ರಾಗಿಯಲ್ಲಿದೆ. ಹಾಲು, ಮಾಂಸ ದಿನವೂ ಕಾಣದ ಕೂಲಿ ಮನೆಯ ಮಕ್ಕಳು ಜೇಷ್ಠ, ಆಷಾಢದ ಕಷ್ಟದ ತಿಂಗಳುಗಳಲ್ಲಿ ಗಟ್ಟಿಯಾಗಿ ನಿಂತದ್ದು ಗುಡಾಣದ ಈ ಕಾಳಿನ ಬಲದ ಮೇಲೆ.

ಈ ವ್ಯವಸ್ಥೆ ಸಡಿಲಗೊಂಡದ್ದು ನಾಲ್ಕೂ ಕಡೆ ಒಂದೇ ರೀತಿಯಲ್ಲಲ್ಲ. ಹಿಂದೆ ಎಡತೊರೆ ಎನಿಸಿದ್ದ ಕೆ.ಆರ್. ನಗರಕ್ಕೆ ಕಾವೇರಿಯ ಹಳೆಯ ಅಣೆಗಳಿದ್ದವು. ಚಾಮರಾಜ ನಾಲೆ, ಮಿರ್ಲೆ ನಾಲೆಗಳ ಬಯಲು ಮೊದಲಿನಿಂದ ಭತ್ತದ್ದು, ಅವರೆ ಅಲ್ಲಿ ಮೇಲುಹೊಲಕ್ಕೆ ಸೇರಿದ್ದು. ಕಬಿನಿ, ಹಾರಂಗಿ ಜಲಾಶಯಗಳು ಬಂದ ಮೇಲೆ ಉಳಿದ ಮೂರು ತಾಲ್ಲೂಕುಗಳ ಕೆಲವು ಭಾಗಕ್ಕೂ ನಾಲೆ ನೀರು ಹರಿಯಿತು. ಆದರೆ ದೊಡ್ಡ ಬದಲಾವಣೆ ತಂದದ್ದು ನೀರಲ್ಲ, ಹೊಗೆಸೊಪ್ಪು. 1975ರ ಕಾಯಿದೆಯಂತೆ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮರಳುಮಣ್ಣು ವರ್ಜೀನಿಯಾ ತಂಬಾಕಿಗೆ ಹೇಳಿ ಮಾಡಿಸಿದಂತಿತ್ತು. ಒಂದೇ ಸಲಕ್ಕೆ ಕೈಗೆ ರೊಕ್ಕ ಕೊಡುವ ಬೆಳೆಯ ಮುಂದೆ ಅಕ್ಕಡಿ ಸಾಲು ಹೇಗೆ ನಿಂತೀತು? ತಂಬಾಕು ತನ್ನ ಹೊಲದಲ್ಲಿ ಇನ್ನೊಂದನ್ನು ಸಹಿಸುವುದಿಲ್ಲ. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ಹದವಾಗಿ ಬೇಯಿಸುವುದು ಮನೆಯವರೆಲ್ಲರ ಹೊತ್ತನ್ನೂ ತಿನ್ನುತ್ತದೆ. ಇದಕ್ಕಾಗಿ ರೈತರನ್ನು ದೂರುವುದು ಸುಲಭ, ನ್ಯಾಯವಲ್ಲ. ಮಗಳ ಮದುವೆ, ಮನೆಯ ಹೆಂಚು, ಮಗನ ಓದು ಆ ದುಡ್ಡಿನಿಂದಲೇ ಆಗಿವೆ. ಸೊಪ್ಪು ಮುಗಿದ ಹೊಲಕ್ಕೆ ತಡವಾಗಿಯಾದರೂ ರಾಗಿ, ಹುರುಳಿ, ಅವರೆ ಚೆಲ್ಲುವವರೂ ಇದ್ದಾರೆ. ಕಿರುಹಗಲಿಗಾಗಿ ಕಾಯುವ ನಾಟಿ ಅವರೆಗೆ ತಡವಾದ ಬಿತ್ತನೆ ಅಷ್ಟೇನೂ ಅಡ್ಡಿಯಲ್ಲ.

ಎರಡನೆಯ ಬದಲಾವಣೆ ಕಾಳಿನೊಳಗೇ ಆದದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆಯ ತಳಿಗಳು, ಮುಖ್ಯವಾಗಿ ಎಚ್‌ಎ–3 ಮತ್ತು ಎಚ್‌ಎ–4, ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ. ಯಾವಾಗ ಬಿತ್ತಿದರೂ ಮೂರು ತಿಂಗಳಲ್ಲಿ ಫಸಲು. ಗಿಡ ಹಬ್ಬುವುದಿಲ್ಲ, ಗೊಂಚಲು ಮೇಲೆಯೇ ನಿಲ್ಲುತ್ತದೆ, ಕೀಳುವುದು ಸುಲಭ. ಇದು ಸಣ್ಣ ಸಾಧನೆಯಲ್ಲ. ಬೇಸಗೆಯಲ್ಲೂ ಅವರೆ ಮಾರಿ ನಾಲ್ಕು ಕಾಸು ಕಂಡ ರೈತರು ಇದಕ್ಕೆ ಸಾಕ್ಷಿ. ಸೊಗಡು ಸಾಲದು ಎನ್ನುವ ತಕರಾರು ತಿನ್ನುವವರದು, ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ವರ್ಷವಿಡೀ ಹಸಿಯಾಗಿ ಸಿಗುವ ಕಾಳನ್ನು ಒಣಗಿಸಿ ಮಣ್ಣು ಕಟ್ಟಿಡುವವರು ಯಾರು? ಬೀಜ ಪ್ಯಾಕೆಟ್ಟಿನಲ್ಲಿ ಬರುವಾಗ ಸೋರೆ ಬುರುಡೆ ಏಕೆ? ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ, ಮಾಗಡಿಯ ಕಡೆಯ ಸೊಗಡವರೆಗೆ ಒಳ್ಳೆಯ ಬೆಲೆಯೂ ಬರುತ್ತದೆ. ಅಲ್ಲಿ ಮಾರಾಟವಾಗುವುದು ಹಸಿಯ ಅಧ್ಯಾಯ ಮಾತ್ರ.

ಒಣಗಿದ ಅಧ್ಯಾಯ ಈ ನಾಲ್ಕು ತಾಲ್ಲೂಕುಗಳ ಮಳೆ ನಂಬಿದ ಹೊಲಗಳಲ್ಲಿ, ರಾಗಿ ಬಿಡದ ಮನೆಗಳಲ್ಲಿ ಉಳಿದಿದೆ. ಕಾಳಿನ ಬಣ್ಣ ಮನೆಯಿಂದ ಮನೆಗೆ ಬೇರೆ. ಬಿಳಿಯದು, ಕಂದು ಬಣ್ಣದ್ದು, ಕರಿಯ ಮಚ್ಚೆಯದು. ಇವುಗಳಿಗೆ ಬಿಡುಗಡೆಯ ವರ್ಷವಾಗಲಿ ತಳಿಯ ಸಂಖ್ಯೆಯಾಗಲಿ ಇಲ್ಲ. ಸೊಸೆ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು, ಪಕ್ಕದ ಮನೆಯವರು ಪಾವು ಕೊಟ್ಟು ಮರುವರ್ಷ ಸೇರು ಪಡೆದದ್ದು ಹೀಗೆ ಕೈಯಿಂದ ಕೈಗೆ ಸಾಗಿದವು. ಆಷಾಢದ ಮಳೆ ಹಿಡಿದಾಗ ಅಂಥ ಮನೆಯ ಹೆಂಗಸು ಬುರುಡೆಯನ್ನು ಇಳಿಸಿ, ಕಾಳನ್ನು ಅಂಗೈಯಲ್ಲಿ ಉಜ್ಜಿ ಮಣ್ಣು ಉದುರಿಸಿ, ಕಣ್ಣಿಗೆ ತೂತು ಬೀಳದ್ದನ್ನು ಮಾತ್ರ ಆರಿಸಿ ಮಡಿಲಿಗೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಾಳೆ.